ಅಖೈರು ಶಿಲ್ಕು ಆರು, ಆರಂಭ ಶಿಲ್ಕು ಒಂದು

ದಾವಣಗೆರೆಯ ಕೃಷಿ ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಈಗ ಎಲ್ಲವೂ ಕಂಪ್ಯೂಟರಿಗೆ ಹೋಗಿದೆಯಾದರೂ ನಮ್ಮ ಸಾಹುಕಾರರಿಗೆ ಕೆಂಪು ಬಟ್ಟೆಯ ರಟ್ಟಿನ ಕಿರ್ದಿ ಪುಸ್ತಕದ ಮೇಲೆ ಇರುವ ನಂಬಿಕೆ ಪರದೆಯ ಮೇಲೆ ಇಲ್ಲದಿರುವುದರಿಂದ, ದಿನದ ಜಮಾ ಖರ್ಚನ್ನು ಕೈಯಲ್ಲಿ ಬರೆದಿಡುವ ಪದ್ಧತಿ ಇನ್ನೂ ಉಳಿದಿದೆ. ಕಿರ್ದಿ ಬರೆಯುವವನು ಕಲಿಯುವ ಮೊದಲ ಪಾಠವೆಂದರೆ ನಿನ್ನೆಯ ಅಖೈರು ಶಿಲ್ಕೇ ಇಂದಿನ ಆರಂಭ ಶಿಲ್ಕು ಎಂಬುದು. ರಾತ್ರಿ ಪೆಟ್ಟಿಗೆಯಲ್ಲಿ ಎಷ್ಟು ಇಟ್ಟು ಬೀಗ ಹಾಕಿದ್ದೇವೆಯೋ ಬೆಳಿಗ್ಗೆ ಅಷ್ಟೇ ಸಿಗಬೇಕು. ಒಂದು ರೂಪಾಯಿ ಕಡಿಮೆ ಬಿದ್ದರೂ ಬರೆದವನು ತಪ್ಪಿದ್ದಾನೆ, ಇಲ್ಲವೇ ಯಾರೋ ಕೈ ಹಾಕಿದ್ದಾರೆ.

ಎರಡು ವರ್ಷಗಳ ಹಿಂದೆ, ಮೆಕ್ಕೆಜೋಳದ ಸುಗ್ಗಿ ಜೋರಾಗಿದ್ದ ದಿನಗಳಲ್ಲಿ ನನಗೆ ಖಿನ್ನತೆ ಬಂದಾಗ ನನ್ನನ್ನು ಹೆಚ್ಚು ಕಂಗೆಡಿಸಿದ್ದು ಈ ಪಾಠ ಸುಳ್ಳಾದದ್ದು. ರಾತ್ರಿ ಒಂಬತ್ತಕ್ಕೆ ಊಟ ಮಾಡಿ, ಮಗಳ ಶಾಲೆಯ ಸುದ್ದಿ ಕೇಳಿ, ಒಂದೆರಡು ಸಲ ನಕ್ಕು ಮಲಗಿದ ಮನುಷ್ಯನಲ್ಲಿ ಬೆಳಗಿನ ಜಾವದ ಹೊತ್ತಿಗೆ ಏನೂ ಉಳಿದಿರುತ್ತಿರಲಿಲ್ಲ. ಬೀಗ ಹಾಗೇ ಇರುತ್ತಿತ್ತು, ಪೆಟ್ಟಿಗೆ ಮಾತ್ರ ಖಾಲಿಯಾಗಿರುತ್ತಿತ್ತು.

ಎಚ್ಚರವಾಗುತ್ತಿದ್ದುದು ಮೂರೂವರೆಗೆ. ಅಲಾರಾಂ ಇಲ್ಲ, ಕೆಟ್ಟ ಕನಸಿಲ್ಲ, ಮೂತ್ರದ ಒತ್ತಡವೂ ಇಲ್ಲ. ಯಾರೋ ಒಳಗಿನಿಂದ ದೀಪ ಹಾಕಿದಂತೆ ಕಣ್ಣು ತೆರೆದುಕೊಳ್ಳುತ್ತಿತ್ತು, ಆಮೇಲೆ ಮುಚ್ಚುತ್ತಿರಲಿಲ್ಲ. ದೂರದಲ್ಲಿ ರೈಲಿನ ಕೂಗು, ಅದಾದ ಮೇಲೆ ಬೀದಿನಾಯಿಗಳ ಗದ್ದಲ, ಅದೂ ಮುಗಿದ ಮೇಲೆ ಏನೂ ಇಲ್ಲದ ಎರಡು ಗಂಟೆ. ಆ ಎರಡು ಗಂಟೆಗಳಲ್ಲಿ ನನ್ನ ಇಡೀ ಜೀವನದ ತಪ್ಪುಗಳು ಒಂದೊಂದಾಗಿ ಬಂದು ಎದೆಯ ಮೇಲೆ ಕೂರುತ್ತಿದ್ದವು. ಹದಿನೈದು ವರ್ಷಗಳ ಹಿಂದೆ ಒಬ್ಬ ರೈತನ ಪಟ್ಟಿಯಲ್ಲಿ ಎರಡು ಚೀಲ ಕಡಿಮೆ ಬರೆದು, ಮರುವಾರ ಅವನು ಬಂದು ಕೇಳಿದಾಗ ತಿದ್ದಿ ಹಣ ಕೊಡಿಸಿದ್ದೆ. ಲೆಕ್ಕ ಅಂದೇ ಚುಕ್ತಾ ಆಗಿತ್ತು. ಆದರೂ ಬೆಳಗಿನ ಜಾವ ನಾಲ್ಕಕ್ಕೆ ಆ ಎರಡು ಚೀಲಗಳಿಂದಲೇ ಒಂದು ಸಂಸಾರ ಹಾಳಾಯಿತೆಂಬ ಖಾತ್ರಿ ನನಗಿರುತ್ತಿತ್ತು.

ಇದರಲ್ಲಿ ನಗಬೇಕಾದ ಸಂಗತಿಯೂ ಒಂದಿದೆ. ಅವ್ವನಿಗೆ ನಾನು ಅಷ್ಟು ಬೇಗ ಏಳುವುದು ಬಹಳ ಸಂತೋಷ ಕೊಟ್ಟಿತ್ತು. ಮನೆಗೆ ಬಂದವರ ಮುಂದೆಲ್ಲ "ನಮ್ಮ ಹುಡುಗ ಈಗ ಬ್ರಾಹ್ಮೀ ಮುಹೂರ್ತದಾಗೇ ಎದ್ದು ಕೂತಿರ್ತಾನೆ" ಎಂದು ಹೇಳಿಕೊಳ್ಳುತ್ತಿದ್ದಳು. ಬೇಗ ಏಳುವುದು ಸದ್ಗುಣ, ತಡವಾಗಿ ಏಳುವುದು ಸೋಮಾರಿತನ ಎಂದು ನಮ್ಮಲ್ಲಿ ಎಷ್ಟು ಆಳವಾಗಿ ಕೂತಿದೆಯೆಂದರೆ, ಒಬ್ಬ ಮನುಷ್ಯ ತನ್ನ ವಾಡಿಕೆಯ ಸಮಯಕ್ಕಿಂತ ಎರಡೂವರೆ ಗಂಟೆ ಮೊದಲೇ ಎದ್ದು ಗೋಡೆ ನೋಡುತ್ತ ಕುಳಿತರೆ ಅದು ಕಾಯಿಲೆಯ ಲಕ್ಷಣವಾಗಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ಮುಂದೆ ವೈದ್ಯರಿಂದ ನನಗೆ ತಿಳಿದದ್ದು ಇದು: ವಾಡಿಕೆಗಿಂತ ಕನಿಷ್ಠ ಎರಡು ಗಂಟೆ ಮೊದಲು ಎಚ್ಚರವಾಗುವುದು ಮತ್ತು ಮನಸ್ಸು ಬೆಳಗಿನ ಹೊತ್ತು ಅತಿಯಾಗಿ ಕುಸಿಯುವುದು, ಇವೆರಡೂ ಮೆಲಂಕೋಲಿಯ ಎಂಬ ಬಗೆಯ ಖಿನ್ನತೆಯನ್ನು ಗುರುತಿಸುವ ಲಕ್ಷಣಗಳ ಪಟ್ಟಿಯಲ್ಲೇ ಇವೆ. ಹಸಿವಿಲ್ಲದೆ ತೂಕ ಇಳಿಯುವುದು, ಕೈಕಾಲು ನಿಧಾನವಾಗುವುದು, ಅಳತೆ ಮೀರಿದ ಅಪರಾಧಿ ಭಾವ, ಯಾವ ಒಳ್ಳೆಯ ಸುದ್ದಿಗೂ ಮನಸ್ಸು ಅರಳದಿರುವುದು ಅದೇ ಪಟ್ಟಿಯ ಉಳಿದ ಬಾಬುಗಳು. ಆ ಎರಡು ಚೀಲ ಮೆಕ್ಕೆಜೋಳ ಯಾವ ಬಾಬಿಗೆ ಸೇರುತ್ತದೆಂದು ಆಗ ನನಗೆ ಗೊತ್ತಾಯಿತು.

ಬೆಳಿಗ್ಗೆ ಆರರಿಂದ ಹತ್ತರವರೆಗಿನ ಹೊತ್ತನ್ನು ವಿವರಿಸುವುದು ಕಷ್ಟ. ಹಲ್ಲುಜ್ಜುವ ಬ್ರಷ್ ಕೈಯಲ್ಲಿ ಹಿಡಿದು, ಅದಕ್ಕೆ ಪೇಸ್ಟ್ ಹಾಕುವುದಕ್ಕೂ ಬಾಯಿಗೆ ಇಡುವುದಕ್ಕೂ ನಡುವೆ ಹತ್ತು ನಿಮಿಷ ನಿಂತಿರುತ್ತಿದ್ದೆ. ಅಂಗಡಿಗೆ ಹೋಗಿ ಕುಳಿತರೆ ಮೂರು ಸಾಲಿನ ಕೂಡುವಿಕೆ ಮೂರು ಸಲ ಮೂರು ಬೇರೆ ಉತ್ತರ ಕೊಡುತ್ತಿತ್ತು. ಹನ್ನೊಂದರ ಸುಮಾರಿಗೆ, ಯಾವ ಕಾರಣವೂ ಇಲ್ಲದೆ, ತಲೆಯೊಳಗಿನ ಬಿಗಿ ಒಂದೊಂದೇ ಸುತ್ತು ಸಡಿಲವಾಗುತ್ತಿತ್ತು. ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯುತ್ತಿತ್ತು. ಸಂಜೆ ಐದಕ್ಕೆ ಹಮಾಲರೊಂದಿಗೆ ಮಂಡಕ್ಕಿ, ಮಿರ್ಚಿ ತಿನ್ನುವಾಗ ನಾನು ಬಹುಮಟ್ಟಿಗೆ ಮೊದಲಿನ ಮನುಷ್ಯನಾಗಿರುತ್ತಿದ್ದೆ, ಮತ್ತು ಬೆಳಿಗ್ಗೆ ಅನುಭವಿಸಿದ್ದು ನನಗೇ ಉತ್ಪ್ರೇಕ್ಷೆಯಂತೆ ಕಾಣುತ್ತಿತ್ತು.

ಈ ಕಾಯಿಲೆಯ ಮೋಸ ಇರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ನಮ್ಮ ಊರಿನಲ್ಲಿ ಒಬ್ಬರು ಇನ್ನೊಬ್ಬರನ್ನು ನೋಡುವುದು ಸಂಜೆ. ನೆಂಟರು ಬರುವುದು ಸಂಜೆ, ಗೆಳೆಯರು ಸಿಗುವುದು ಸಂಜೆ, ಮಕ್ಕಳು ಅಪ್ಪನನ್ನು ಕಾಣುವುದು ಸಂಜೆ. ಬೆಳಗಿನ ನನ್ನನ್ನು ಕಂಡವಳು ನನ್ನ ಹೆಂಡತಿ ಒಬ್ಬಳೇ. ಹಾಗಾಗಿ ನನ್ನ ವಿಷಯದಲ್ಲಿ ಮನೆಯವರಲ್ಲೇ ಎರಡು ಸಾಕ್ಷ್ಯಗಳಿದ್ದವು, ಮತ್ತು ಬಹುಮತ ಸಂಜೆಯ ಸಾಕ್ಷ್ಯಕ್ಕಿತ್ತು. "ರಾತ್ರಿ ಆರಾಮಾಗಿ ಮಾತಾಡ್ತೀಯ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು ಅಂದ ಕೂಡ್ಲೇ ಮೈ ಭಾರ ಅಂತೀಯ. ಇದೆಂಥ ಕಾಯಿಲೆಯಪ್ಪಾ?" ಎಂದು ಅಣ್ಣ ಒಮ್ಮೆ ಕೇಳಿದ. ಅವನು ಕುಹಕದಿಂದ ಕೇಳಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ. ನನ್ನಲ್ಲಿಯೂ ಉತ್ತರವಿರಲಿಲ್ಲ, ಏಕೆಂದರೆ ಸಂಜೆಯ ನಾನೂ ಅಣ್ಣನ ಪಕ್ಷದವನೇ ಆಗಿರುತ್ತಿದ್ದೆ. ನಾಳೆಯಿಂದ ಸರಿಯಾಗಿ ಇರುತ್ತೇನೆಂದು ಪ್ರತಿ ರಾತ್ರಿಯೂ ಪ್ರಾಮಾಣಿಕವಾಗಿ ನಿರ್ಧರಿಸುತ್ತಿದ್ದೆ.

ಹೆಂಡತಿಯ ಒತ್ತಾಯಕ್ಕೆ ಡಿಸೆಂಬರ್‌ನಲ್ಲಿ ಒಬ್ಬ ವೈದ್ಯರ ಬಳಿ ಹೋದೆವು. ಖಾಸಗಿ ಕ್ಲಿನಿಕ್‌ಗಳು ಹೆಚ್ಚಾಗಿ ಸಂಜೆ ಆರರ ಮೇಲೆ ತೆರೆಯುವುದರಿಂದ ನಮ್ಮ ಸರದಿ ಬಂದಾಗ ಎಂಟು ಗಂಟೆಯಾಗಿತ್ತು. ನಾನು ಕ್ಷೌರ ಮಾಡಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿದ್ದೆ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟೆ, ಸುಗ್ಗಿಯ ರೇಟಿನ ಬಗ್ಗೆ ಅವರೇ ಕೇಳಿದಾಗ ಒಂದು ತಮಾಷೆಯನ್ನೂ ಮಾಡಿದೆ. ಕೆಲಸದ ಒತ್ತಡವೆಂದು ಹೇಳಿ ಶಕ್ತಿಯ ಮಾತ್ರೆ ಬರೆದುಕೊಟ್ಟರು. ಅವರನ್ನು ದೂರಲಾರೆ; ಅವರು ನೋಡಿದ್ದು ಎಂಟು ಗಂಟೆಯ ಮನುಷ್ಯನನ್ನು, ಆ ಮನುಷ್ಯನಿಗೆ ಅಷ್ಟೇ ಸಾಕಿತ್ತು. ಹೊರಗೆ ಬಂದ ಮೇಲೆ ಹೆಂಡತಿ ಸ್ಕೂಟರ್ ಹತ್ತದೆ ನಿಂತು, "ಬೆಳಗಿನ ಜಾವದ ವಿಷಯ ಒಂದೂ ಹೇಳಲಿಲ್ವಲ್ರೀ" ಎಂದಳು. ನಾನು ಮುಚ್ಚಿಟ್ಟಿರಲಿಲ್ಲ. ಆ ಹೊತ್ತಿನಲ್ಲಿ ಅದು ನನಗೆ ನೆನಪಿಗೇ ಬಂದಿರಲಿಲ್ಲ.

ಮನಸ್ಸಿನ ಕಿರ್ದಿ ಬರೆಯುವ ಉಪಾಯ ಅವಳದೇ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬೆಳಿಗ್ಗೆ ಐದು, ಒಂಬತ್ತು, ಮಧ್ಯಾಹ್ನ ಒಂದು, ಸಂಜೆ ಐದು, ರಾತ್ರಿ ಒಂಬತ್ತು ಎಂದು ಐದು ಅಂಕಣ ಮಾಡಿದೆ. ಸೊನ್ನೆ ಎಂದರೆ ಏಳಲಾರೆ, ಹತ್ತು ಎಂದರೆ ಕಾಯಿಲೆಗೆ ಮೊದಲಿನ ಒಳ್ಳೆಯ ದಿನ. ಕೊನೆಯಲ್ಲಿ ಷರಾ ಎಂದು ಒಂದು ಅಂಕಣ. ಆಯಾ ಹೊತ್ತಿಗೇ ಬರೆಯಬೇಕು, ಸಂಜೆ ಕೂತು ಬೆಳಗಿನದನ್ನು ನೆನೆಸಿಕೊಂಡು ಬರೆಯಬಾರದು, ತಿದ್ದಬಾರದು ಎಂಬ ಷರತ್ತು ಹಾಕಿಕೊಂಡೆ. ಕಿರ್ದಿಯಲ್ಲಿ ಹೊಡೆದು ತಿದ್ದುವುದಕ್ಕೆ ನಮ್ಮ ಕಸುಬಿನಲ್ಲಿ ಇರುವ ಅಸಹ್ಯ ಹೊರಗಿನವರಿಗೆ ತಿಳಿಯದು. ಆರು ವಾರ ಬರೆದೆ. ಒಂದು, ಎರಡು, ನಾಲ್ಕು, ಆರು, ಆರು. ಮರುದಿನ ಒಂದು, ಒಂದು, ಮೂರು, ಐದು, ಆರು. ರಾತ್ರಿಯ ಶಿಲ್ಕು ಆರು ಇದ್ದ ಪುಟದ ಮುಂದಿನ ಪುಟ ಸಾಲುಸಾಲಾಗಿ ಒಂದರಿಂದ ಆರಂಭವಾಗಿತ್ತು. ನಾನು ನಟಿಸುತ್ತಿಲ್ಲ ಎಂಬ ಮೊದಲ ಪುರಾವೆ ನನಗೆ ಸಿಕ್ಕಿದ್ದು ಆ ನೋಟ್‌ಬುಕ್ಕಿನಲ್ಲಿ, ಏಕೆಂದರೆ ಸೋಮಾರಿತನ ಇಷ್ಟು ಶಿಸ್ತಿನಿಂದ ಗಡಿಯಾರ ನೋಡಿಕೊಂಡು ಬರುವುದಿಲ್ಲ.

ಆ ಆರು ವಾರಗಳಲ್ಲಿ ಒಂದೇ ಒಂದು ಪುಟ ಬೇರೆಯಾಗಿತ್ತು, ಅದು ಶಿವರಾತ್ರಿಯ ಮರುದಿನದ್ದು. ಅವ್ವನ ಸಲುವಾಗಿ ಇಡೀ ರಾತ್ರಿ ಜಾಗರಣೆ ಮಾಡಿದ್ದೆ. ಬೆಳಿಗ್ಗೆ ಐದಕ್ಕೆ ನಾಲ್ಕು, ಒಂಬತ್ತಕ್ಕೆ ಆರು ಎಂದು ಬರೆದು, ಶಿವನೇ ಕಣ್ಣು ಬಿಟ್ಟನೆಂದು ಸಂತೋಷಪಟ್ಟೆ. ಮಧ್ಯಾಹ್ನ ಉಂಡು ಎರಡು ತಾಸು ಮಲಗಿ ಎದ್ದರೆ ಮತ್ತೆ ಎರಡಕ್ಕೆ ಇಳಿದಿತ್ತು.

ಎರಡನೆಯ ಸಲ ಹೋದದ್ದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ, ಬೆಳಿಗ್ಗೆ ಹತ್ತಕ್ಕೆ. ಹೆಂಡತಿ ಬೇಕೆಂದೇ ಆ ಹೊತ್ತನ್ನು ಆರಿಸಿದ್ದಳು. ವೈದ್ಯೆ ಚಿಕ್ಕ ವಯಸ್ಸಿನವರು. ನೋಟ್‌ಬುಕ್ಕನ್ನು ತೆಗೆದುಕೊಂಡು, ನಾನು ಸಾಹುಕಾರರ ಮುಂದೆ ಲೆಕ್ಕ ಇಟ್ಟಾಗ ಅವರು ನೋಡುವಂತೆ, ಬೆರಳಿಟ್ಟು ಅಂಕಣ ಅಂಕಣವಾಗಿ ನೋಡಿದರು. ಶಿವರಾತ್ರಿಯ ಪುಟದಲ್ಲಿ ಬೆರಳು ನಿಂತಿತು. ಒಂದು ರಾತ್ರಿ ಪೂರ್ತಿ ಎಚ್ಚರವಿದ್ದರೆ ಖಿನ್ನತೆಯ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಮರುದಿನ ಗಣನೀಯವಾಗಿ ಹಗುರವಾಗುತ್ತದೆ, ಆದರೆ ನಿದ್ದೆ ಮಾಡಿ ಎದ್ದ ಕೂಡಲೇ ಹೆಚ್ಚಿನವರಲ್ಲಿ ಖಿನ್ನತೆ ಮರಳಿ ಬರುತ್ತದೆ ಎಂದರು. ಜರ್ಮನಿಯ ಪ್ಫ್ಲುಗ್ ಮತ್ತು ಟ್ಯೋಲೆ ಎಂಬ ವೈದ್ಯರು 1971ರಷ್ಟು ಹಿಂದೆಯೇ ಇದನ್ನು ವರದಿ ಮಾಡಿದ್ದರೆಂದು ನಾನು ಆಮೇಲೆ ಓದಿದೆ. ಇದನ್ನು ಓದಿದವರು ಮನೆಯಲ್ಲಿ ಪ್ರಯೋಗ ಮಾಡಬಾರದೆಂದು ಇಲ್ಲಿಯೇ ಹೇಳಿಬಿಡುತ್ತೇನೆ: ಮನಸ್ಸು ಒಮ್ಮೆ ಕುಸಿದು ಒಮ್ಮೆ ವಿಪರೀತ ಏರುವ ಬೈಪೋಲಾರ್ ಕಾಯಿಲೆ ಇರುವವರಲ್ಲಿ ನಿದ್ದೆಗೆಡುವುದು ಉನ್ಮಾದವನ್ನು ಎಬ್ಬಿಸಬಲ್ಲದು. ವೈದ್ಯೆ ಕೂಡ ನನಗೆ ಜಾಗರಣೆಯನ್ನು ಸೂಚಿಸಲಿಲ್ಲ. ವರ್ಷಕ್ಕೊಂದು ಶಿವರಾತ್ರಿ ಸಾಕು ಎಂದರು.

ಬಳಿಕ ಅವರು ಕೇಳಿದ ಒಂದು ಪ್ರಶ್ನೆಯನ್ನು ಮರೆಯಲಾರೆ. ಬದುಕುವುದೇ ಬೇಡವೆಂಬ ಯೋಚನೆ ಬರುತ್ತದೆಯೇ ಎಂದಷ್ಟೇ ಕೇಳದೆ, "ಅದು ಎಷ್ಟು ಗಂಟೆಗೆ ಬರುತ್ತದೆ?" ಎಂದರು. ನಾಲ್ಕರಿಂದ ಆರು, ಎಂದೆ. ಹೆಂಡತಿಯ ಮುಂದೆ ಅದನ್ನು ಹೇಳಿದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಒಬ್ಬನೇ ಕೂರಕೂಡದು, ಅವಳನ್ನು ಎಬ್ಬಿಸಬೇಕು, ಎಬ್ಬಿಸಲು ಸಂಕೋಚವಾದರೆ 14416ಕ್ಕೆ ಕರೆ ಮಾಡಬೇಕು ಎಂದು ವೈದ್ಯೆ ನೋಟ್‌ಬುಕ್ಕಿನ ಷರಾ ಅಂಕಣದಲ್ಲೇ ಬರೆದುಕೊಟ್ಟರು. ಅದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿಯೇ ಮಾತಾಡಬಹುದು. ನಾನು ಎರಡು ಸಲ ಮಾಡಿದ್ದೇನೆ, ಎರಡೂ ಸಲ ಬೆಳಕಾಗುವ ಮುನ್ನ.

ಗುಣವಾಗುತ್ತ ಬಂದ ಮೇಲೆ, ನನ್ನ ಬೆಳಗನ್ನು ಕದ್ದವರು ಯಾರೆಂದು ತಿಳಿಯುವ ಹಟ ಹುಟ್ಟಿತು. ಮೆದುಳಿನ ತಳಭಾಗದಲ್ಲಿ, ಎರಡೂ ಕಣ್ಣುಗಳ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಚಿಕ್ಕ ಗೊಂಚಲಿದೆ. ದೇಹದ ಉಷ್ಣತೆ, ನಿದ್ದೆ, ಹಸಿವು, ಹಾರ್ಮೋನುಗಳು ಇವೆಲ್ಲದರ ದೈನಿಕ ಏರಿಳಿತಕ್ಕೆ ಅದೇ ಯಜಮಾನ. ಆ ಲಯವನ್ನು ಜೀವಕೋಶದೊಳಗಿನ ವಂಶವಾಹಿಗಳು ಹೇಗೆ ನಡೆಸುತ್ತವೆ ಎಂಬುದನ್ನು ನೊಣಗಳಲ್ಲಿ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್ ಮತ್ತು ಮೈಕೇಲ್ ಯಂಗ್ ಅವರಿಗೆ 2017ರ ನೊಬೆಲ್ ಪ್ರಶಸ್ತಿ ಬಂತು. ಮನುಷ್ಯನ ಈ ಗಡಿಯಾರದ ಒಂದು ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ಹನ್ನೊಂದು ನಿಮಿಷ ಹೆಚ್ಚು. ನಮ್ಮ ಅಂಗಡಿಯ ಗೋಡೆಯ ಗಡಿಯಾರವೂ ಹಾಗೆಯೇ ಹಿಂದೆ ಬೀಳುವುದರಿಂದ ನನಗೆ ಇದು ತಕ್ಷಣ ತಿಳಿಯಿತು. ದಿನವೂ ಯಾರಾದರೂ ಮುಳ್ಳು ತಿರುಗಿಸಬೇಕು. ದೇಹದ ಗಡಿಯಾರದ ಮುಳ್ಳನ್ನು ತಿರುಗಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಗಿನ ಬೆಳಕು.

ಇದೇ ಗಡಿಯಾರದ ಆಜ್ಞೆಯಂತೆ ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿಯ ಸುಮಾರಿಗೆ ತಳ ಮುಟ್ಟಿ, ಬೆಳಗಿನ ಜಾವ ಏರತೊಡಗಿ, ಎದ್ದ ಅರ್ಧ ಮುಕ್ಕಾಲು ಗಂಟೆಯೊಳಗೆ ತುದಿಗೆ ಹೋಗುತ್ತದೆ. ಹಗಲಿನ ಕೆಲಸಕ್ಕೆ ದೇಹವನ್ನು ಸಜ್ಜುಗೊಳಿಸುವುದು ಅದರ ಉದ್ದೇಶ. ಆರೋಗ್ಯವಂತರಲ್ಲಿಯೂ ಉಲ್ಲಾಸ ಎದ್ದ ಕೂಡಲೇ ಕಡಿಮೆಯಿದ್ದು ಹಗಲೇರಿದಂತೆ ಹೆಚ್ಚುತ್ತದೆ. ಎದ್ದ ತಕ್ಷಣ ಯಾರೂ ಹಾಡುತ್ತ ಓಡಾಡುವುದಿಲ್ಲವಷ್ಟೇ. ಖಿನ್ನತೆಯಲ್ಲಿ ಕಾರ್ಟಿಸಾಲಿನ ಲಯ ಹಲವರಲ್ಲಿ ಏರುಪೇರಾಗಿರುತ್ತದೆ, ನಿದ್ದೆಯ ಘಟ್ಟಗಳು ಹಿಂದುಮುಂದಾಗುತ್ತವೆ, ಕನಸಿನ ನಿದ್ದೆ ರಾತ್ರಿ ಬೇಗನೇ ಬಂದುಬಿಡುತ್ತದೆ. ಈ ಯಾವುದೋ ಒಂದು ಹಾರ್ಮೋನಿನ ತಲೆಯ ಮೇಲೆ ಬೆಳಗಿನ ಕುಸಿತದ ಎಲ್ಲ ಹೊಣೆ ಹೊರಿಸಲು ನಾನು ಆಸೆಪಟ್ಟೆ, ಕಳ್ಳ ಸಿಕ್ಕಿದರೆ ಲೆಕ್ಕದವನಿಗೆ ನೆಮ್ಮದಿ. ಆದರೆ ವಿಷಯ ಅಷ್ಟು ಸರಳವಾಗಿಲ್ಲ.

ಸರಳವಾಗಿಲ್ಲ ಎನ್ನುವುದಕ್ಕೆ ಚಿತ್ರದುರ್ಗದಲ್ಲಿರುವ ನನ್ನ ಸೋದರತ್ತೆಯೇ ಸಾಕ್ಷಿ. ಮಾವ ತೀರಿಕೊಂಡ ಮೇಲೆ ಅವರಿಗೆ ಬಂದ ಖಿನ್ನತೆ ನನ್ನದಕ್ಕೆ ತದ್ವಿರುದ್ಧ. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ, ರೊಟ್ಟಿ ತಟ್ಟಿ, ನೆರೆಯವರೊಂದಿಗೆ ಮಾತಾಡುತ್ತ ಇರುತ್ತಿದ್ದರು. ಕೋಟೆಯ ಬಂಡೆಗಳ ಮೇಲಿನ ಬಿಸಿಲು ಕೆಂಪಾಗುವ ಹೊತ್ತಿಗೆ ಅವರ ಮುಖ ಇಳಿಯುತ್ತಿತ್ತು, ದೇವರ ಮುಂದೆ ದೀಪ ಹಚ್ಚಿದವರು ಅಲ್ಲಿಂದ ಏಳುತ್ತಿರಲಿಲ್ಲ. "ದೀಪ ಹಚ್ಚೋ ಹೊತ್ತಿಗೆ ಎದೆಯಾಗೆ ಕಲ್ಲು ಇಟ್ಟಂಗಾಗ್ತೈತಪ್ಪಾ" ಎನ್ನುತ್ತಿದ್ದರು. ಕೆಲವರಿಗೆ ಹೀಗೆ ಸಂಜೆ ಭಾರವಾಗುತ್ತದೆ, ಕೆಲವರಿಗೆ ಹೊತ್ತಿನ ವ್ಯತ್ಯಾಸವೇ ಇರುವುದಿಲ್ಲ, ಒಬ್ಬರಲ್ಲೇ ಇದು ಕಾಲಕಾಲಕ್ಕೆ ಬದಲಾಗಬಹುದು. ಬೆಳಿಗ್ಗೆ ಚೆನ್ನಾಗಿದ್ದಾರೆ ಎಂಬ ಕಾರಣಕ್ಕೆ ಅತ್ತೆಯನ್ನು ಒಂದು ವರ್ಷ ಯಾರೂ ವೈದ್ಯರ ಬಳಿ ಕರೆದೊಯ್ಯಲಿಲ್ಲ. ನನ್ನ ಸಂಜೆ ನನಗೆ ಮಾಡಿದ ಅನ್ಯಾಯವನ್ನೇ ಅವರ ಬೆಳಗು ಅವರಿಗೆ ಮಾಡಿತು.

ಖಿನ್ನತೆಯ ತೀವ್ರತೆಯನ್ನು ಅಳೆಯಲು ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಪ್ರಕಟಿಸಿದ ಮಾಪಕವೊಂದು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ನಿದ್ದೆಗೇ ಮೂರು ಪ್ರತ್ಯೇಕ ಬಾಬುಗಳಿವೆ: ನಿದ್ದೆ ಹತ್ತದಿರುವುದು, ನಡುವೆ ಎಚ್ಚರವಾಗುವುದು, ಬೆಳಗಿನ ಜಾವ ಎದ್ದು ಮತ್ತೆ ಮಲಗಲಾಗದಿರುವುದು. ಬೆಳಿಗ್ಗೆ ಸಂಜೆಯ ವ್ಯತ್ಯಾಸಕ್ಕೂ ಒಂದು ಬಾಬಿದೆ, ಆದರೆ ಅದನ್ನು ಒಟ್ಟು ಅಂಕಗಳಿಗೆ ಕೂಡಿಸುವುದಿಲ್ಲ. ಕಾಯಿಲೆ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ, ಯಾವ ಬಗೆಯದು ಎಂಬುದನ್ನು ಹೇಳುತ್ತದೆ ಎಂಬುದು ಹ್ಯಾಮಿಲ್ಟನ್ನರ ವಾದ. ಓದಿದಾಗ ನನಗೆ ಅವರ ಮೇಲೆ ವೃತ್ತಿಬಾಂಧವರ ಅಭಿಮಾನ ಮೂಡಿತು. ಕೂಡಬಾರದ್ದನ್ನು ಷರಾದಲ್ಲಿ ಬರೆದಿಡಬೇಕೆಂದು ತಿಳಿದವರು. ಸಂಜೆ ಆರು ಅಂಕ ಇದ್ದ ಮಾತ್ರಕ್ಕೆ ನನ್ನ ಕಾಯಿಲೆ ಸಣ್ಣದಾಗಿರಲಿಲ್ಲ ಎಂದೂ ಇದರಿಂದ ಅರ್ಥವಾಯಿತು.

ಚಿಕಿತ್ಸೆಯಲ್ಲಿ ಚಮತ್ಕಾರವೇನೂ ಇರಲಿಲ್ಲ. ದಿನಕ್ಕೊಂದು ಮಾತ್ರೆ; ಪರಿಣಾಮ ಕಾಣಲು ಕೆಲವು ವಾರಗಳು ಬೇಕೆಂದು ಮೊದಲೇ ಹೇಳಿದ್ದರಿಂದ ಕಾದೆ. ಮಾತಿನ ಚಿಕಿತ್ಸೆಗೆ ಹದಿನೈದು ದಿನಕ್ಕೊಮ್ಮೆ ಹೋದೆ. ಅದರೊಂದಿಗೆ, ಎದ್ದ ಮೇಲೆ ಮನೆಯೊಳಗೆ ಕೂರದೆ ಬೆಳಕಿಗೆ ಹೋಗಬೇಕೆಂದು ವೈದ್ಯೆ ಹೇಳಿದ್ದರಿಂದ ಬಿಸಿಲು ಬಂದ ಕೂಡಲೇ ಕುಂದುವಾಡ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯತೊಡಗಿದೆ. ಟ್ಯೂಬ್‌ಲೈಟಿನ ನಮ್ಮ ಅಂಗಡಿಯಂಥ ಕೋಣೆಯಲ್ಲಿ ಬೆಳಕು, ಅದನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ, ಕೆಲವು ನೂರು ಇದ್ದರೆ ಹೆಚ್ಚು. ಬಯಲಿನ ನಡುಹಗಲ ಬಿಸಿಲು 1,00,000 ಲಕ್ಸ್ ಸಮೀಪಕ್ಕೆ ಹೋಗುತ್ತದೆ. ಚಳಿಗಾಲದಲ್ಲಿ ಹಗಲು ತೀರ ಕುಗ್ಗುವ ದೇಶಗಳಲ್ಲಿ ಋತುಮಾನದ ಖಿನ್ನತೆಗೆ 10,000 ಲಕ್ಸಿನ ದೀಪದ ಪೆಟ್ಟಿಗೆಯ ಮುಂದೆ ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. ದಾವಣಗೆರೆಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಗಿಂತ ತುಸು ಹೆಚ್ಚಿನ ಅಂತರವಷ್ಟೇ ಇದೆ, ಬಿಸಿಲಿಗಂತೂ ಬರವಿಲ್ಲ. ಇಷ್ಟು ಬಿಸಿಲಿನ ಊರಿನಲ್ಲಿದ್ದೂ ಇಪ್ಪತ್ತು ವರ್ಷ ನಾನು ಬೆಳಗಿನ ಬೆಳಕನ್ನು ಕಂಡದ್ದು ಅಂಗಡಿಯ ಶಟರ್ ಎತ್ತುವಾಗ ಮಾತ್ರ.

ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಮಾತ್ರೆಯೊಂದಿಗೆ ಅವರು ಕೊಟ್ಟ ಇನ್ನೊಂದು ಸಲಹೆ: ಹನ್ನೊಂದು ಗಂಟೆಗೆ ಮೊದಲು ನಿಮ್ಮ ಬಗ್ಗೆ ನೀವು ಯಾವ ತೀರ್ಪನ್ನೂ ಕೊಡಬೇಡಿ. ಕೆಲಸ ಬಿಡುವ ನಿರ್ಧಾರ, ಅಣ್ಣನೊಂದಿಗೆ ಪಾಲಿನ ಮಾತು, ಹಳೆಯ ತಪ್ಪುಗಳ ವಿಚಾರಣೆ ಎಲ್ಲವನ್ನೂ ಮಧ್ಯಾಹ್ನಕ್ಕೆ ಮುಂದೂಡುತ್ತಿದ್ದೆ, ಮಧ್ಯಾಹ್ನ ಅವುಗಳಲ್ಲಿ ಬಹುಪಾಲು ಹಾಜರಾಗುತ್ತಲೇ ಇರಲಿಲ್ಲ. ಸಾಹುಕಾರರಿಗೂ ವಿಷಯ ತಿಳಿಸಿದೆ. ಅಂಜಿಕೆಯಿಂದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಕೂಡೋ ಕೆಲಸ ಮಧ್ಯಾಹ್ನ ಇಟ್ಕೊಳ್ರಿ, ಬೆಳಿಗ್ಗೆ ಚೀಟಿ ಜೋಡಿಸ್ರಿ ಸಾಕು" ಎಂದರು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ವಯಸ್ಕರಲ್ಲಿ ಸುಮಾರು ಇಪ್ಪತ್ತಕ್ಕೊಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ನಮ್ಮ ಮಾರುಕಟ್ಟೆಯ ಒಂದು ಸಾಲಿನ ಗುಮಾಸ್ತರನ್ನು ಎಣಿಸಿದರೆ ನನ್ನ ಜೊತೆಗೆ ಇನ್ನೊಬ್ಬರಾದರೂ ಬೆಳಿಗ್ಗೆ ಚೀಟಿ ಜೋಡಿಸುತ್ತ ಕೂತಿರಬೇಕು.

ಮೊದಲು ಸರಿಯಾದದ್ದು ನಿದ್ದೆ. ಎಚ್ಚರ ಮೂರೂವರೆಯಿಂದ ನಾಲ್ಕೂವರೆಗೆ, ಆಮೇಲೆ ಐದಕ್ಕೆ ಸರಿಯಿತು. ಬೆಳಗಿನ ಅಂಕ ಎರಡಾಗಿ, ಮೂರಾಗಿ, ಒಂದು ವಾರ ಮತ್ತೆ ಒಂದಕ್ಕಿಳಿದು, ಮೇಲೆದ್ದಿತು. ಅಣ್ಣನಿಗೆ ಆ ನೋಟ್‌ಬುಕ್ ತೋರಿಸಿದೆ. ಅವನು ಬಹಳ ಹೊತ್ತು ಪುಟ ತಿರುವಿ, ಏನೂ ಹೇಳದೆ, ಮರುದಿನ ಬೆಳಿಗ್ಗೆ ಏಳಕ್ಕೆ ಕೆರೆಯ ಏರಿಗೆ ಬಂದ. ಈಗಲೂ ವಾರಕ್ಕೆರಡು ದಿನ ಬರುತ್ತಾನೆ.

ನೋಟ್‌ಬುಕ್ಕಿನ ಕೊನೆಯ ಭಾಗದಲ್ಲಿ, ಮೇ ತಿಂಗಳ ಒಂದು ಪುಟದಲ್ಲಿ, ಬೆಳಿಗ್ಗೆ ಐದರ ಅಂಕಣಕ್ಕೆ ನಾನು ಏನೂ ಬರೆದಿಲ್ಲ. ಕಿರ್ದಿಯಲ್ಲಿ ಜಾಗ ಖಾಲಿ ಬಿಡಬಾರದೆಂದು ನಾನೇ ಹೆಂಡತಿಗೆ ಹಲವು ಸಲ ಹೇಳಿದ್ದೆ. ಅದಕ್ಕೇ ಇರಬೇಕು, ಆ ಸಾಲಿನ ಷರಾದಲ್ಲಿ ಅವಳ ಅಕ್ಷರದಲ್ಲಿ ಒಂದೇ ಪದ ಇದೆ: ಗೊರಕೆ.